ಬಕೆಟ್ಟಿಗೆ ಸುತ್ತಿದ ದಾರ

ಕೋಪರಖೈರಣೆ ಸ್ಟೇಷನ್ನಿನಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ, ವಡಾಪಾವ್ ಗಾಡಿಗೂ ಬೀಗ ರಿಪೇರಿಯವನಿಗೂ ನಡುವೆ, ಒಂದು ಗೋಣಿತಟ್ಟು ಹಾಸುವಷ್ಟು ಜಾಗ ಚಂದವ್ವನದು. ಅಲ್ಲಿ ಕುಳಿತು ಅವಳು ಎಲೆ ಮಾರುತ್ತಾಳೆ. ಸೋಮವಾರ ಬಿಲ್ವಪತ್ರೆ, ಮಂಗಳವಾರ ಗರಿಕೆ, ಹಬ್ಬ ಬಂದರೆ ಆ ಹಬ್ಬಕ್ಕೆ ಏನು ಬೇಕೋ ಅದು. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದವಳಿಗೆ ಮರಾಠಿಗರ ಪಂಚಾಂಗ ಈಗ ಬಾಯಿಪಾಠ. ಹೊಸದಾಗಿ ಮದುವೆಯಾದ ಹುಡುಗಿಯರು ಯಾವ ದೇವರಿಗೆ ಯಾವ ಎಲೆ ಎಂದು ಕೇಳಿದರೆ ಸಮಾಧಾನದಿಂದ ಹೇಳಿಕೊಡುತ್ತಾಳೆ. ಬಾಡಿದ್ದನ್ನು ಮಾತ್ರ ಕೇಳಿದರೂ ಕೊಡುವುದಿಲ್ಲ. "ನಾವು ಉಣ್ಣೂದಾಗಿದ್ರ ನಡೀತಿತ್ತು, ಇದು ದೇವ್ರ ತಲಿ ಮ್ಯಾಲೆ ಇಡೂದು" ಎನ್ನುತ್ತಾಳೆ.

ಅವಳ ಮನೆ ರಬಾಳೆಯಲ್ಲಿ, ಕಾರ್ಖಾನೆಗಳ ಸಾಲು ಮುಗಿದು ಗುಡ್ಡ ಶುರುವಾಗುವ ಕಡೆ. ಅವಳೂ ಗಂಡ ಜಟ್ಟೆಪ್ಪನೂ ಮದುವೆಯಾದ ಹೊಸದರಲ್ಲಿ ಕಟ್ಟಡದ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಎಷ್ಟೋ ಮಂದಿಯ ಮನೆಗೆ ಉಸುಕು ಹೊತ್ತು ಹೊತ್ತು ಚಂದವ್ವನ ಬೆನ್ನು ಸೋತಿತು. ಆಗ ಅವಳು ಗುಡ್ಡ ಹತ್ತಿ ಪತ್ರೆ ಕೊಯ್ದು ತಂದು ಮಾರಲು ಕುಳಿತಳು. ಜಟ್ಟೆಪ್ಪ ಹತ್ತಿರದ ಗೋಡೌನಿನಲ್ಲಿ ಹಮಾಲನಾದ.

ಅವರು ಬಂದಾಗ ಆ ಗುಡ್ಡದಲ್ಲಿ ಕಾಡಿತ್ತು. ಮುತ್ತುಗ, ಬಿಲ್ವ, ಅತ್ತಿ, ಹೆಸರೇ ಗೊತ್ತಿಲ್ಲದ ಎಷ್ಟೋ ಮರ. ಮಳೆಗಾಲದಲ್ಲಿ ಮೇಲೆ ಹೋದರೆ ಕೆಳಗಿನ ಕಾರ್ಖಾನೆಯ ಸದ್ದು ಕೇಳಿಸುತ್ತಿರಲಿಲ್ಲ. ಆಮೇಲೆ ಒಂದು ಮಗ್ಗುಲನ್ನು ಕಲ್ಲಿನ ಕ್ವಾರಿ ತಿಂದಿತು. ಇನ್ನೊಂದು ಮಗ್ಗುಲಲ್ಲಿ ಮನೆಗಳೆದ್ದವು. ಒಲೆಗೆ ಕಟ್ಟಿಗೆ ಬೇಕಾಯಿತು, ದಸರೆಗೆ ಬನ್ನಿಯ ಹಾಗೆ ಹಂಚಲು ಆಪ್ಟೆ ಎಲೆ ಬೇಕಾಯಿತು, ಗಣಪತಿಗೆ ಪತ್ರೆ ಬೇಕಾಯಿತು. ಯಾರೂ ತಾನು ಕಾಡು ಕಡಿದೆ ಎಂದುಕೊಳ್ಳಲಿಲ್ಲ. ಎಲ್ಲರೂ ತಮಗೆ ಬೇಕಾದ ಒಂದಿಷ್ಟನ್ನು ತಂದುಕೊಂಡರು, ಅಷ್ಟೇ. ಕೊನೆಗೆ ಗಲ್ಲಿಯ ನೆತ್ತಿಯ ಮೇಲೆ ಒಂದು ದೊಡ್ಡ ಆಲದ ಮರ ಉಳಿಯಿತು. ಮಿಕ್ಕದ್ದು ಬೋಳು ಕೆಂಪು ಮಣ್ಣು.

ಆಚೆ ವರ್ಷದ ಮಳೆಗಾಲದಲ್ಲಿ ಆ ಮಣ್ಣು ಕೆಳಗಿಳಿಯಿತು.

ಬೆಳಗಿನ ಹೊತ್ತಾದ್ದರಿಂದ ಗಂಡಸರು ಕೆಲಸಕ್ಕೆ ಹೋಗಿದ್ದರು, ಹೆಂಗಸರು ನಳದ ಹತ್ತಿರ ಇದ್ದರು. ಜೀವ ಹೋಗಲಿಲ್ಲ. ಆದರೆ ಚಂದವ್ವ ಕೊಡ ಹೊತ್ತು ಬರುವಷ್ಟರಲ್ಲಿ ಮನೆಯೊಳಗೆ ಮಂಚದ ಎತ್ತರಕ್ಕೆ ಕೆಸರು ನಿಂತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆಂದು ಅವಳೇ ತಟ್ಟಿ ಮಾಡಿದ್ದ ಮಣ್ಣಿನ ಎತ್ತುಗಳು ಮೂಲೆಯ ಮಣೆಯ ಮೇಲಿದ್ದವು, ಇನ್ನೂ ನೀರಿಗೆ ಬಿಟ್ಟಿರಲಿಲ್ಲ. ಅವು ಆ ಕೆಸರಿನಲ್ಲಿ ಎಲ್ಲಿ ಕರಗಿದವೋ ತಿಳಿಯಲಿಲ್ಲ. ಗಲ್ಲಿಯೆಲ್ಲ ಹೀಗೇ ಆಗಿತ್ತು. ಆಲದ ಮರದ ನೇರ ಕೆಳಗಿದ್ದ ಮನೆಗಳು ಮಾತ್ರ ಒಣಗಿದ್ದವು. ಅವುಗಳಲ್ಲೊಂದು ಸೊಲ್ಲಾಪುರದ ಮೋಹಿನಿಯದು. ಅವಳೂ ಎಲೆ ಮಾರುವವಳೇ, ಘಣಸೋಲಿ ಸ್ಟೇಷನ್ನಿನ ಮುಂದೆ ಕೂರುತ್ತಾಳೆ.

ಮಾರನೆಯ ದಿನ ವಾರ್ಡಿನ ಸಾಹೇಬರು ಬೂಟು ಎತ್ತಿ ಎತ್ತಿ ಇಡುತ್ತ ಬಂದು ನೋಡಿದರು. ಇನ್ನೊಂದು ಸಲ ಗುಡ್ಡ ಹೀಗೆ ಜಾರಿದರೆ ಗಲ್ಲಿಯನ್ನೇ ಎಬ್ಬಿಸಬೇಕಾಗುತ್ತದೆ ಎಂದರು. ಎಬ್ಬಿಸಿದರೆ ಹೋಗುವುದೆಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ಮಳೆ ದಪ್ಪಗೆ ಬಿದ್ದಾಗಲೆಲ್ಲ ಚಂದವ್ವ ಬಾಗಿಲಿಗೆ ಬಂದು ನಿಂತು ಮೇಲೆ ನೋಡುತ್ತಾಳೆ.

ಜ್ಯೇಷ್ಠದ ಹುಣ್ಣಿಮೆ ಅವಳ ಊರಲ್ಲಿ ಕಾರಹುಣ್ಣಿಮೆ, ಎತ್ತಿನ ಹಬ್ಬ. ಇಲ್ಲಿ ಅದೇ ದಿನ ವಟಪೂರ್ಣಿಮೆ. ಮುತ್ತೈದೆಯರು ಆಲದ ಮರಕ್ಕೆ ಹತ್ತಿಯ ದಾರ ಸುತ್ತಿ ಗಂಡನ ಆಯುಷ್ಯ ಬೇಡುತ್ತಾರೆ. ಊರು ಬೆಳೆದಂತೆ ಮರಗಳು ದೂರವಾದವು. ಮರದ ಬದಲು ಒಂದು ಕೊಂಬೆಯನ್ನು ಮನೆಗೆ ತಂದು ಪೂಜಿಸುವುದು ರೂಢಿಯಾಯಿತು. ಆ ಕೊಂಬೆ ಕೊಡುವವರು ಚಂದವ್ವ, ಮೋಹಿನಿಯಂಥವರು. ಎಲೆ ಮಾರುವವರಿಗೆ ಇದು ವರ್ಷದ ದೊಡ್ಡ ವ್ಯಾಪಾರ. ಮೊದಲು ಅವರು ಗುಡ್ಡದ ಹತ್ತಾರು ಆಲಗಳಿಂದ ಅಷ್ಟಷ್ಟು ಕೊಯ್ಯುತ್ತಿದ್ದರು. ಈಗ ಎಲ್ಲರ ಕುಡಗೋಲೂ ಒಂದೇ ಮರಕ್ಕೆ ಬರುತ್ತಿತ್ತು.

ಕಳೆದ ವರ್ಷ ಹುಣ್ಣಿಮೆಯ ಹಿಂದಿನ ದಿನ ಚಂದವ್ವ ಮೇಲೆ ಹೋದಾಗ ಮರದಲ್ಲಿ ಎಲೆಗಿಂತ ಬಾನೇ ಹೆಚ್ಚು ಕಾಣುತ್ತಿತ್ತು. ಕೈ ಹೋಗಿ ಮೊಣಕೈ ಉಳಿದವರ ಹಾಗೆ ಮೊಂಡು ಮೊಂಡು ಕೊಂಬೆಗಳು. ಅವಳು ಬುಡಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಆಮೇಲೆ, ಬಿಟ್ಟು ಹೋದರೆ ಬೇರೆಯವರು ಒಯ್ಯುತ್ತಾರೆ ಎಂದುಕೊಂಡು, ಅರ್ಧ ಹೊರೆ ಕೊಯ್ದು ಇಳಿದಳು.

ಪೂಜೆ ಮುಗಿದ ಮಾರನೆಯ ದಿನ ಸರಳಾ ಫೋನು ಮಾಡಿ ಅವಳನ್ನು ಮನೆಗೆ ಕರೆದಳು. ಸರಳಾ ಮೈಸೂರಿನವಳು. ಗಂಡನಿಗೆ ವಾಶಿಯ ಬ್ಯಾಂಕಿಗೆ ವರ್ಗವಾದಾಗ ಬಂದು ಕೋಪರಖೈರಣೆಯ ಒಂದು ಸೊಸೈಟಿಯ ಆರನೆಯ ಮಾಳಿಗೆಯಲ್ಲಿದ್ದಾಳೆ. ಮಾರ್ಕೆಟ್ಟಿನಲ್ಲಿ ಚಂದವ್ವ ಹಸುವನ್ನು ಕನ್ನಡದಲ್ಲಿ ಬಯ್ಯುವುದು ಕೇಳಿ ನಿಂತವಳು, ಅಂದಿನಿಂದ ಅವಳಲ್ಲಲ್ಲದೆ ಬೇರೆಲ್ಲೂ ಎಲೆ ಕೊಂಡಿಲ್ಲ.

ಸರಳಾ ಬಾಲ್ಕನಿಯನ್ನು ತೋರಿಸಿದಳು. ಅಲ್ಲಿ ಆಲದ ಕೊಂಬೆಗಳ ರಾಶಿಯೇ ಬಿದ್ದಿತ್ತು.

"ಇದನ್ನೆಲ್ಲ ಏನ್ಮಾಡೋದು ಚಂದವ್ವಾ? ಕಸದ ಗಾಡಿಗೆ ಹಾಕೋಕೆ ಯಾರಿಗೂ ಮನಸ್ಸು ಬರ್ತಿಲ್ಲ. ನಿಮ್ಮ ಕನ್ನಡದವಳೇ ಅಲ್ವಾ, ಅವಳಿಗೇ ಕೊಡು ಅಂತ ಎಲ್ಲರೂ ತಂದು ನಮ್ಮನೇಲಿ ಇಟ್ಟುಹೋದ್ರು."

"ಖಾಡಿ ನೀರಿಗೆ ಬಿಡತಾರ್ರಿ ಅಕ್ಕಾರ. ಪೂಜಿ ಆಗಿದ್ದಲ್ರಿ. ತಗೊಂಡ ಹೋಕ್ಕೀನಿ ಬಿಡ್ರಿ."

ಒಂದೊಂದನ್ನೇ ಎತ್ತಿ ಹೊರೆ ಕಟ್ಟುತ್ತಿದ್ದಳು. ಎಲ್ಲಕ್ಕೂ ಅರಿಶಿನ, ಕುಂಕುಮ, ಸುತ್ತು ಸುತ್ತಾಗಿ ಬಿಳಿ ದಾರ. ಹಾಲು ಸಕ್ಕರೆಯಲ್ಲಿ ನೆನೆದು ದಾರ ಅಂಟಂಟಾಗಿತ್ತು. ಮೂಲೆಯಲ್ಲಿ ಹೂಕುಂಡದೊಳಗೆ ಸಿಕ್ಕಿಸಿದ್ದ ಒಂದು ದಪ್ಪ ಮೊಂಡು ಕೊಂಬೆಗೆ ಮಾತ್ರ ದಾರವಿರಲಿಲ್ಲ.

"ಇದಕ್ಯಾಕ್ರಿ ದಾರ ಇಲ್ಲ?"

ಸರಳಾ ನಕ್ಕುಬಿಟ್ಟಳು. "ಅದು ನಂದು. ಲೇಟಾಗಿ ಬಂದೆ ಅಂತ ನೀವೇ ಕೊನೇಲಿ ಉಳಿದ ಮೊಂಡು ಕೊಟ್ರಲ್ಲ. ನಮ್ಮ ಕಡೆ ಗಂಡನ ಪೂಜೆ ಅಂದ್ರೆ ಭೀಮನ ಅಮಾವಾಸ್ಯೆ. ಇದೆಲ್ಲ ನಂಗೇನು ಗೊತ್ತು? ಪಕ್ಕದವರು ಸುತ್ತು ಅಂದ್ರು. ನಾನು ಕುಂಡಕ್ಕೆ ಸುತ್ಬಿಟ್ಟೆ."

ಚಂದವ್ವ ನೋಡಿದಳು. ಹೌದು, ಪ್ಲಾಸ್ಟಿಕ್ ಕುಂಡದ ಹೊಟ್ಟೆಗೆ ದಾರ ಬಿಗಿಯಾಗಿ ಕುಳಿತಿತ್ತು.

"ಮೂರನೇ ಮಾಳಿಗೆ ಜಯಲತಾ ಆಂಟಿ ಎಲ್ಲರ ಮುಂದೇನೇ ಅಂದ್ರು, ನಿನ್ನ ಗಂಡನ ಆಯುಷ್ಯ ಎಲ್ಲ ಪ್ಲಾಸ್ಟಿಕ್ಕಿಗೆ ಹೋಯಿತಲ್ಲ ಮಾರಾಯ್ತಿ, ಅಂತ. ಇನ್ನೂ ನಗ್ತಿದಾರೆ."

"ಪ್ಲಾಸ್ಟಿಕ್ ಬೇಗ ಕೊಳೆಯಂಗಿಲ್ಲಂತಲ್ರಿ. ಸಾಹೇಬ್ರು ಗಟ್ಟಿ ಇರತಾರ ಬಿಡ್ರಿ" ಎಂದಳು ಚಂದವ್ವ.

ಹೊರೆ ಹೊತ್ತು ಕೆಳಗಿಳಿದಾಗ ಮಳೆ ಹಿಡಿಯಿತು. ಸಮುದ್ರದ ಉಪ್ಪುನೀರು ಒಳನುಗ್ಗುವ ಆ ಖಾಡಿಯ ಕಡೆ ನಾಲ್ಕು ಹೆಜ್ಜೆ ಹೋಗಿ ಬಸ್ ಸ್ಟಾಪಿನ ಕೆಳಗೆ ನಿಂತಳು. ನಿಂತಲ್ಲಿ ತವರಿನ ಹಿತ್ತಿಲು ನೆನಪಾಯಿತು. ಎಮ್ಮೆ ಕಟ್ಟಲು ಅಪ್ಪ ಹೊಡೆದಿದ್ದ ಆಲದ ಗೂಟ ಒಂದು ಮಳೆಗಾಲದಲ್ಲಿ ಚಿಗುರಿಬಿಟ್ಟಿತ್ತು. ಎಮ್ಮೆ ಆ ಚಿಗುರು ತಿನ್ನುವುದನ್ನು ನೋಡಿ ಮನೆಮಂದಿಯೆಲ್ಲ ನಕ್ಕಿದ್ದರು. ಗೂಟ ಚಿಗುರುವುದಾದರೆ ದೇವರ ಹೆಸರಿನಲ್ಲಿ ಪೂಜೆಗೊಂಡ ಕೊಂಬೆ ಯಾಕೆ ಚಿಗುರಬಾರದು? ಇದನ್ನು ಉಪ್ಪುನೀರಿಗೆ ಹಾಕುವುದಕ್ಕಿಂತ ಮಣ್ಣಿಗೆ ಹಾಕಿದರೆ ದೇವರೇನು ಬೇಡ ಎನ್ನುತ್ತಾನೆಯೆ? ಅವಳು ಖಾಡಿಗೆ ಹೋಗಲಿಲ್ಲ. ರಬಾಳೆಯ ಟ್ರೇನು ಹತ್ತಿದಳು.

ಮಣ್ಣು ಜಾರಿದ್ದ ಜಾಗದಲ್ಲಿ ಅಂದು ಸಂಜೆ ಎಲ್ಲವನ್ನೂ ಸಾಲಾಗಿ ನೆಟ್ಟಳು. ದಾರ ಬಿಚ್ಚಲಿಲ್ಲ. ಒಬ್ಬ ಹೆಂಗಸು ಗಂಡನ ಹೆಸರಿನಲ್ಲಿ ಕಟ್ಟಿದ ದಾರವನ್ನು ಇನ್ನೊಬ್ಬಳು ಬಿಚ್ಚುವುದು ಅವಳ ಕೈಯಿಂದ ಆಗುವ ಕೆಲಸವಲ್ಲ. ಕುಂಕುಮ ಒರೆಸಲೂ ಇಲ್ಲ. ಸರಳಾಳ ಮೊಂಡನ್ನು ಕೊನೆಯಲ್ಲಿ ನೆಟ್ಟಳು.

ಜಟ್ಟೆಪ್ಪ ಕೆಲಸದಿಂದ ಬಂದವನು ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು ಮೇಲೆ ಬಂದು ನೋಡಿದ. "ಊರ ಮಂದಿ ಗಂಡಂದಿರ ಆಯುಷ್ಯ ಎಲ್ಲಾ ತಂದು ಇಲ್ಲಿ ನೆಟ್ಟೀಯಲ್ಲ. ನಂದೆಲ್ಲೈತಿ?"

"ನಿಮ್ಮದು ನನ್ನ ಬಾಯಾಗೈತಿ. ದಿನಾ ಬೈಸಿಕೊಂಡು ಗಟ್ಟಿ ಆಗೈತಿ. ಆ ಸಲಿಕಿ ಈ ಕಡೆ ಕೊಡ್ರಿ."

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಕೊಂಬೆಗಳ ಎಲೆ ಉದುರಿದವು. ಹೊಸ ಎಲೆಗಾಗಿ ಉದುರಿರಬಹುದು ಎಂದು ಕಾದಳು. ಶ್ರಾವಣ ಬಂತು, ಗಣಪತಿ ಬಂದು ಹೋದ, ಏನೂ ಇಲ್ಲ. ಒಂದನ್ನು ಕಿತ್ತು ನೋಡಿದಳು. ಬೇರಿರಲಿಲ್ಲ. ದಾರ ಸುತ್ತಿದ್ದಲ್ಲಿ ತೊಗಟೆ ಕಪ್ಪಗೆ ಕೊಳೆತು ಬಳೆ ಹಾಕಿದಂತಾಗಿತ್ತು. ಹಾಲು ಸಕ್ಕರೆಯ ರುಚಿಗೆ ಬಂದ ಇರುವೆಗಳು ಒಳಗೆ ಗೂಡು ಮಾಡಿದ್ದವು. ಇನ್ನೊಂದನ್ನು ಕಿತ್ತಳು, ಅದೂ ಹಾಗೆಯೇ. ಸಾಲೆಲ್ಲ ಸತ್ತಿತ್ತು.

ಅವಳಿಗೆ ಅಳು ಬಂತು. ಮಾಡಿದ್ದು ತಪ್ಪಾಯಿತೇನೋ, ನೀರಿಗೆ ಬಿಡಬೇಕಾದ್ದನ್ನು ಬಿಡಲಿಲ್ಲವಲ್ಲ, ಯಾರ್ಯಾರ ಮನೆಯ ಗಂಡಸಿಗೆ ಏನೇನಾಗುತ್ತದೋ ಎಂದು ಹೆದರಿಕೆಯೂ ಆಯಿತು. ಕಣ್ಣು ಒರೆಸಿಕೊಂಡು ಏಳುವಾಗ ಸಾಲಿನ ಕೊನೆಯ ಮೊಂಡಿನ ಮೇಲೆ ಕೆಂಪಗೆ ಏನೋ ಕಂಡಿತು. ಕುಂಕುಮವಿರಬೇಕು ಎಂದು ಬಗ್ಗಿದಳು. ಕುಂಕುಮವಲ್ಲ, ಆಲದ ಮೊಗ್ಗೆಯ ಕೆಂಪು ಹೊದಿಕೆ. ಅದರೊಳಗಿಂದ ಒಂದು ಎಳೆಯ ಎಲೆ ನಾಲಗೆಯಷ್ಟು ಹೊರಗೆ ಬಂದಿತ್ತು.

ಸರಳಾಳ ಕೊಂಬೆ ಬದುಕಿತ್ತು.

ದೀಪಾವಳಿ ಕಳೆದ ಮೇಲೆ ಸರಳಾ ಅದನ್ನು ನೋಡಬೇಕೆಂದು ರಿಕ್ಷಾ ಮಾಡಿಕೊಂಡು ಬಂದಳು. ಅಷ್ಟರಲ್ಲಿ ಅದರಲ್ಲಿ ಅಂಗೈಯಗಲದ ಎಲೆಗಳಿದ್ದವು. ಅವಳು ಎಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ನಮ್ಮನೆಯವರು ನಂಬಲ್ಲ" ಎಂದು ಫೋಟೋ ತೆಗೆದುಕೊಂಡಳು. ಸತ್ತ ಸಾಲಿನ ಕತೆಯನ್ನೂ ಚಂದವ್ವ ಮುಚ್ಚಿಡದೆ ಹೇಳಿದಳು.

"ಹೆದರಬೇಡಿ, ಯಾರ ಗಂಡನಿಗೂ ಏನೂ ಆಗಿಲ್ಲ. ಎಲ್ಲರೂ ದಿನಾ ಲಿಫ್ಟಲ್ಲಿ ಸಿಗ್ತಾರೆ" ಎಂದಳು ಸರಳಾ. ಆಮೇಲೆ, "ಅಂದ್ರೆ ನಾನು ತಪ್ಪು ಮಾಡಿದ್ದಕ್ಕೇ ಇದು ಉಳೀತಾ?" ಎಂದು ಕೇಳಿದಳು.

"ಹಂಗ ಕಾಣತೈತ್ರಿ. ದಪ್ಪಿತ್ತು, ಉಸಿರು ಕಟ್ಟಲಿಲ್ಲ. ಉಳದವ್ಕ ನಾವು ಭಕ್ತಿ ಬಾಳ ಮಾಡಿದ್ವಿ."

ಮನೆಯ ಮುಂದೆ ಹಲಗೆಗಳ ರಾಶಿ ಇತ್ತು. ಗೋಡೌನಿನಲ್ಲಿ ಸಾಮಾನು ಇಳಿಸಿದ ಮೇಲೆ ಮುರಿದುಹೋಗುವ ಪ್ಯಾಲೆಟ್ಟುಗಳನ್ನು, ಅಂದರೆ ಪೆಟ್ಟಿಗೆಗಳ ಕೆಳಗಿಡುವ ಮರದ ಚೌಕಟ್ಟುಗಳನ್ನು, ಜಟ್ಟೆಪ್ಪ ಒಲೆಗೆಂದು ಕೇಳಿ ತರುತ್ತಿದ್ದ. ಸರಳಾ ಚಹಾ ಕುಡಿಯುತ್ತ ಕುಳಿತಾಗ ಹಲಗೆಯ ಮೇಲೆ ಸುಟ್ಟು ಒತ್ತಿದ ಅಕ್ಷರ ಕಣ್ಣಿಗೆ ಬಿತ್ತು. ತಿರುಗಿಸಿ ಓದಿದಳು.

"ಇದು ಬ್ರೆಜಿಲ್‌ದು ನೋಡಿ. ಇನ್ನೊಂದು ಮಲೇಶಿಯಾದ್ದು ಅನ್ಸುತ್ತೆ."

"ಅವು ಎಲ್ಲಿ ಬರತಾವ್ರಿ?"

"ದೂರ. ಸಮುದ್ರದ ಆಚೆ. ದೊಡ್ಡ ದೊಡ್ಡ ಕಾಡಿರೋ ದೇಶಗಳು. ಈಗ ಅಲ್ಲೂ ಕಡೀತಿದಾರೆ, ಸುಡ್ತಿದಾರೆ. ಟೀವಿಯಲ್ಲಿ ತೋರಿಸ್ತಾನೇ ಇರ್ತಾರೆ. ಕಾಡು ಹೋದ ಕಡೆ ಮಳೆ ದಾರಿ ತಪ್ಪುತ್ತಂತೆ. ಬಂದ್ರೆ ಒಂದೇ ಸಲ, ಇಲ್ಲಾಂದ್ರೆ ಇಲ್ಲ."

ಚಂದವ್ವ ಹಲಗೆಯನ್ನು ಕೈಗೆ ತೆಗೆದುಕೊಂಡಳು. ಇಷ್ಟು ದಿನ ಒಲೆಗೆ ಹಾಕುವಾಗ ಅದೊಂದು ಮರವಾಗಿತ್ತು, ಯಾವುದೋ ಗುಡ್ಡದ ಮೇಲೆ ನಿಂತಿತ್ತು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

"ಅಲ್ಲಿಯೂ ಗುಡ್ಡ ಜಾರತಾವೇನ್ರಿ?"

"ಜಾರತ್ತೆ. ಊರಿಗೂರೇ ಮುಚ್ಚಿಹೋಗತ್ತಂತೆ."

"ಹಂಗಾರ ಅಲ್ಲಿಯ ಹೆಣ್ಮಕ್ಕಳೂ ಮನಿಯಾಗಿನ ರಾಡಿ ಬಳದಾರ ಅನ್ರಿ" ಎಂದಳು ಚಂದವ್ವ. ಕೊಡದಲ್ಲಿ ನೀರಿಗಿಂತ ಹೆಚ್ಚು ಕೆಸರು ತೋಡಿ ಹೊರಹಾಕಿದ ಆ ಬೆಳಗು ಅವಳ ಕೈಗಳಿಗೆ ಇನ್ನೂ ನೆನಪಿತ್ತು. ತಾನು ಎಂದೂ ನೋಡದ ಒಬ್ಬ ಹೆಂಗಸು ಎಲ್ಲೋ ಹಾಗೇ ಬಗ್ಗಿ ನಿಂತಿದ್ದಾಳೆ ಎನ್ನಿಸಿತು. ಅಂದಿನಿಂದ ಆ ಹಲಗೆಗಳು ಒಲೆಗೆ ಹೋಗಲಿಲ್ಲ. ಚಳಿಗಾಲವೆಲ್ಲ ರಜೆಯ ದಿನ ಗಂಡ ಹೆಂಡತಿ ಇಬ್ಬರೂ ಜಾರಿದ ಇಳುಕಲಿನಲ್ಲಿ ಗೂಟ ಹೊಡೆದು ಅಡ್ಡಡ್ಡ ಹಲಗೆ ನಿಲ್ಲಿಸಿದರು. ಮೇಲಿನ ಮಣ್ಣು ಬಂದರೆ ತಡೆದು ನಿಲ್ಲಲು ಮೆಟ್ಟಿಲು ಮೆಟ್ಟಿಲಾಗಿ ಒಡ್ಡು. ಗಲ್ಲಿಯವರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಸಲಿಕೆ ಹಿಡಿದು ಬಂದರು.

"ಬ್ರೆಜಿಲ್ ಬಂದು ನಮ್ಮ ಗುಡ್ಡಕ್ಕ ಆತು ನಿಂತೈತಿ" ಎಂದ ಜಟ್ಟೆಪ್ಪ. "ಭಾರದ್ದೈತಿ, ಬಾಡಗಿ ಕೇಳದಿದ್ರ ಸಾಕು."

ಆದರೆ ಹಲಗೆ ಎಷ್ಟು ವರ್ಷ ನಿಂತೀತು? ಅದು ಕೊಳೆಯುವ ಮೊದಲು ಅದರ ಹಿಂದೆ ಬೇರು ಬರಬೇಕು. ಬೇರು ಬರಬೇಕಾದರೆ ತೋಳು ಗಾತ್ರದ ಕೊಂಬೆ ಬೇಕು. ಅಂಥ ಕೊಂಬೆಯನ್ನು ಗುಡ್ಡದ ಮರದಿಂದ ಕಡಿದರೆ ಉಳಿದಿರುವ ಒಂದೇ ಮರವೂ ಹೋದಂತೆ. ಚಂದವ್ವ ಈ ಲೆಕ್ಕವನ್ನು ಎಲೆ ಪೊಟ್ಟಣ ಕಟ್ಟುವಾಗಲೂ ಜಪಮಣಿ ಎಣಿಸುವಾಗಲೂ ತಿರುಗಿಸಿ ತಿರುಗಿಸಿ ನೋಡಿದಳು.

ಉತ್ತರ ಮೇ ತಿಂಗಳಲ್ಲಿ ಅವಳ ಗೋಣಿತಟ್ಟಿನ ಎದುರಿಗೇ ಬಂದು ನಿಂತಿತು. ಮಳೆಗಾಲಕ್ಕೆ ಮುಂಚೆ ರಸ್ತೆಬದಿಯ ಮರಗಳ ಕೊಂಬೆ ಗಾಳಿಗೆ ಮುರಿದು ಬೀಳದಿರಲೆಂದು ಪಾಲಿಕೆಯವರು ಪ್ರತಿ ವರ್ಷ ಕತ್ತರಿಸುತ್ತಾರೆ. ಆ ದಿನ ಮಾರ್ಕೆಟ್ಟಿನ ಮೂಲೆಯ ಆಲದ ಸರದಿ. ತೋಳು ಗಾತ್ರ, ತೊಡೆ ಗಾತ್ರದ ಕೊಂಬೆಗಳು ಲಾರಿಗೆ ಬೀಳುತ್ತಿದ್ದವು. ಪ್ರತಿ ವರ್ಷ ನೋಡಿದ್ದೇ. ಈ ವರ್ಷ ಚಂದವ್ವ ಎದ್ದು ಲಾರಿಯ ಹತ್ತಿರ ಹೋದಳು. ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಡಂಪಿಂಗಿಗೆ ಎಂದ ಡ್ರೈವರ್. ಆಲದ್ದನ್ನಷ್ಟು ರಬಾಳೆಯ ಗುಡ್ಡದ ಕೆಳಗೆ ಹಾಕಿ ಹೋಗಿ, ಪುಣ್ಯ ಬರುತ್ತದೆ ಎಂದಳು. ಡ್ರೈವರಿಗೆ ಪುಣ್ಯಕ್ಕಿಂತ ದಾರಿ ಹತ್ತಿರವಾದದ್ದು ಹಿಡಿಸಿತು. "ಠೀಕ್ ಹೈ, ಮಾವಶಿ" ಎಂದು ಒಪ್ಪಿದ.

ಅದು ಅಧಿಕ ಮಾಸ ಬಂದ ವರ್ಷ. ಹುಣ್ಣಿಮೆ ಜೂನಿನ ಕೊನೆಗೆ ಹೋಗಿತ್ತು. ಚಂದವ್ವ ಕಟ್ಟಡ ಕೆಲಸದ ಹಳೆಯ ಪರಿಚಯದವರಿಂದ ಪೇಂಟಿನ ಖಾಲಿ ಬಕೆಟ್ಟುಗಳನ್ನು ತರಿಸಿ, ತಳಕ್ಕೆ ತೂತು ಹೊಡೆದು, ಗುಡ್ಡದ ಮಣ್ಣು ತುಂಬಿ, ಒಂದೊಂದಕ್ಕೆ ಒಂದೊಂದು ಕೊಂಬೆ ನೆಟ್ಟಳು. ಹುಣ್ಣಿಮೆಗೆ ಇವನ್ನೇ ಪೂಜೆಗೆ ಒಯ್ದು, ಆಮೇಲೆ ಗುಡ್ಡದಲ್ಲಿ ನೆಡುವುದು ಅವಳ ಯೋಚನೆ. ಗಲ್ಲಿಯ ಉದ್ದಕ್ಕೂ ಬಕೆಟ್ಟುಗಳ ಸಾಲು. ಜನ ಅಡ್ಡಡ್ಡಲಾಗಿ ನಡೆಯಬೇಕಾಯಿತು. ಜೂನಿನ ನಡುವಿಗೆ ಬರಡು ಮೊಂಡುಗಳ ಮೇಲೆ ಒಂದೊಂದೇ ಕೆಂಪು ಮೊಗ್ಗೆ ಬಿಟ್ಟಿತು.

ಇನ್ನು ಉಳಿದದ್ದು ಮೋಹಿನಿ.

ಹುಣ್ಣಿಮೆಗೆ ಎರಡು ದಿನವಿರುವಾಗ ಬೆಳಗ್ಗೆ ಚಂದವ್ವ ಮೇಲೆ ಹೋದರೆ ಆಲದ ಬುಡದಲ್ಲಿ ಮೋಹಿನಿ ಕುಳಿತಿದ್ದಳು. ಪಕ್ಕದಲ್ಲಿ ಕೋಲಿಗೆ ಕಟ್ಟಿದ ಕುಡಗೋಲು. ಕಳೆದ ಹುಣ್ಣಿಮೆಯಿಂದೀಚೆಗೆ ಯಾರೂ ಮುಟ್ಟದೆ ಮರದಲ್ಲಿ ಚಿಗುರು ಬಂದಿತ್ತು. ನೆಲದ ಮೇಲೆ ಅಷ್ಟಗಲ ನೆರಳು ಬಿದ್ದಿತ್ತು.

"ಬಂದ್ಯಾ" ಎಂದಳು ಮೋಹಿನಿ. "ಬರತಿ ಅಂತ ಗೊತ್ತಿತ್ತು. ನಿನ್ನ ಸೊಸೈಟಿ ಹೆಣ್ಮಕ್ಕಳಿಗೆ ಬಕೆಟ್ ಆತು. ಸ್ಟೇಷನ್ ಮುಂದ ಟ್ರೇನ್ ಹಿಡಿಯೋ ಗಡಿಬಿಡಿಯಾಗ ನನ್ನ ಗಿರಾಯ್ಕಿ ಏನು ಬಕೆಟ್ ಹೊತಗೊಂಡು ಹೋಕ್ಕಾರೇನು?"

"ಇಲ್ಲ."

"ಮತ್ತ? ನಾ ಕೊಯ್ಯಲಿಲ್ಲ ಅಂದ್ರ ಮಂದಿ ಮುರಬಾಡದ ಅಡವಿಯಿಂದ ಟೆಂಪೋದಾಗ ತಂದು ಮಾರತಾರ. ನಾ ಏನು ಖಾಲಿ ಗೋಣಿ ಹಾಸಿಕೊಂಡು ಕೂಡ್ಲಿ?"

ಚಂದವ್ವ ಅವಳ ಪಕ್ಕದಲ್ಲೇ ಕುಳಿತಳು. ಅಲ್ಲಿಂದ ನೋಡಿದರೆ ನೇರ ಕೆಳಗೆ ಮೋಹಿನಿಯ ಮನೆಯ ನೀಲಿ ತಾಡಪತ್ರಿ ಕಾಣುತ್ತಿತ್ತು. ಮರದ ಬೇರೊಂದು ಇಳಿದು ಆ ಕಡೆಗೇ ಹೋಗಿ ಒಂದು ದೊಡ್ಡ ಕಲ್ಲನ್ನು ತಬ್ಬಿ ಹಿಡಿದಿತ್ತು.

"ಆ ಕಲ್ಲು ಬಿದ್ರ ನನ್ನ ಮನಿಗೆ ಬರಂಗಿಲ್ಲ ಮೋಹಿನಿ."

"ಗೊತ್ತೈತಿ ಅಕ್ಕಾ" ಎಂದಳು ಮೋಹಿನಿ. "ಗೊತ್ತಿದ್ದೇ ಮುಂಜಾನಿಂದ ಕುಂತೀನಿ. ಕೋಲು ಎತ್ತಾಕ ಆಗವಲ್ದು, ಬಿಟ್ಟು ಹೋಗಾಕೂ ಆಗವಲ್ದು."

"ಪೂಜಿಗೆ ಬರೇ ಕೊಂಬಿ ಬೇಕೇನು? ಮಾವಿನಹಣ್ಣು, ಹೂವು, ದಾರ, ಕರಿಮಣಿ, ಅದೆಲ್ಲಾ ನೀ ಇಟ್ಟು ಕೂಡು, ನಾ ಅದನ್ನ ಮುಟ್ಟಂಗಿಲ್ಲ. ನನ್ನ ಗಿರಾಯ್ಕಿನೂ ನಿನ್ನ ಕಡೆ ಕಳಸತೀನಿ. ಬಕೆಟ್ಟಿನಾಗ ಅರ್ಧ ನೀ ಒಯ್ಯಿ. ಸ್ಟೇಷನ್ ಮುಂದನ ಇಡು. ಹೊತಗೊಂಡು ಹೋಗಾಕ ಆಗದವರು ಅಲ್ಲೇ ಸುತ್ತಿ ಹೋಗಲಿ. ಮರಾ ಅಂದಮ್ಯಾಲೆ ಮಂದಿ ಅದರ ಕಡೆ ಬರಬೇಕು, ಅದೇನು ಮಂದಿ ಮನಿಗೆ ಹೋಕ್ಕೈತೇನು?"

ಮೋಹಿನಿ ಕುಡಗೋಲಿನ ಹಗ್ಗ ಬಿಚ್ಚತೊಡಗಿದಳು. ಬಿಚ್ಚುತ್ತ, "ಯಾರೂ ಸುತ್ತಲಿಲ್ಲ ಅಂದ್ರ ನಿನ್ನ ಮನಿ ಬಾಗಲದಾಗ ಕುಂತು ಊಟ ಮಾಡಾಕಿ ನಾ" ಎಂದಳು.

"ಬಾ. ರೊಟ್ಟಿ ಬಡಿಯೂದೂ ನೀನ."

ಹುಣ್ಣಿಮೆಯ ಬೆಳಗ್ಗೆ ಸೊಸೈಟಿಯ ಅಂಗಳಕ್ಕೆ ಚಂದವ್ವ ಟೆಂಪೋದಲ್ಲಿ ಬಕೆಟ್ಟುಗಳನ್ನು ತಂದಿಳಿಸಿದಳು. ಮನೆಗೊಂದು ಕೊಂಬೆಯಲ್ಲ, ನಾಲ್ಕಾರು ಮನೆಗೆ ಒಂದು ಬಕೆಟ್ಟು. ನತ್ತು, ಹಸಿರು ಸೀರೆಯ ಹೆಂಗಸರು ತಟ್ಟೆ ಹಿಡಿದು ಬಂದರು. ಮೊಗ್ಗೆ ಬಿಟ್ಟ ಕೊಂಬೆಗಳನ್ನು ನೋಡಿ ಅವರಿಗೆ ಸಂತೋಷವೇ ಆಯಿತು. ಆದರೆ ದಾರವನ್ನು ಕೊಂಬೆಗಲ್ಲ, ಬಕೆಟ್ಟಿಗೆ ಸುತ್ತಬೇಕು ಎಂದು ಸರಳಾ ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನ ಅತ್ತೆಗೆ ಗೊತ್ತಾದರೆ ಏನೆಂದಾರು ಎಂದು ಒಬ್ಬಳು ಮರಾಠಿಯಲ್ಲಿ ಗೊಣಗಿದಳು. ಬಕೆಟ್ಟಿನ ಮೇಲೆ ಪೇಂಟ್ ಕಂಪನಿಯ ಚಿತ್ರ ಬೇರೆ ಇತ್ತು.

ಚಂದವ್ವ ಗೋಡೆಗೆ ಆತು ನಿಂತಿದ್ದಳು. ಇವರು ಕೊಂಬೆಗೇ ಸುತ್ತಿಬಿಟ್ಟರೆ ಬಿಚ್ಚಲು ಹೇಳುವ ಧೈರ್ಯ ಅವಳಿಗಿಲ್ಲ. ಕಳೆದ ವರ್ಷದ ಸಾಲಿನ ಹಾಗೆ ಇದೂ ಗುಡ್ಡದ ಮೇಲೆ ಕಪ್ಪಾಗಿ ನಿಲ್ಲುತ್ತದೆ.

ಆಗ ಮೂರನೆಯ ಮಾಳಿಗೆಯ ಜಯಲತಾ ಮಂಡಿ ಹಿಡಿದುಕೊಂಡು ನಿಧಾನವಾಗಿ ಮುಂದೆ ಬಂದರು. ಉಡುಪಿ ಕಡೆಯವರು. ಮರಾಠಿ ಮನೆಗೆ ಸೊಸೆಯಾಗಿ ಬಂದು ಕೂದಲು ಬೆಳ್ಳಗಾಗಿತ್ತು. ಆ ಸೊಸೈಟಿಯಲ್ಲಿ ಪೂಜೆಯ ವಿಷಯದಲ್ಲಿ ಅವರ ಮಾತೇ ಕೊನೆ. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಅವರು ಒಂದು ಬಕೆಟ್ಟನ್ನು ಸುತ್ತು ಹಾಕಿ ನೋಡಿದರು. ಕನ್ನಡಕ ಮೇಲೆತ್ತಿ ಮೊಗ್ಗೆಯನ್ನು ನೋಡಿದರು. "ಜೀವ ಉಂಟಲ್ಲ ಇದಕ್ಕೆ" ಎಂದರು. "ಸರಳಾ, ಹೋದ ವರ್ಷದ ನಿನ್ನ ಗೆಲ್ಲು ಬದುಕಿದೆ ಅಂತ ಫೋಟೋ ತೋರಿಸಿದ್ದೆಯಲ್ಲ, ಅದು ಹೌದಾ? ನನಗೆ ಸುಳ್ಳು ಹೇಳಬೇಡ."

"ಹೌದು ಆಂಟಿ. ಈಗ ನನ್ನ ಎತ್ತರ ಇದೆ."

"ನಾವೆಲ್ಲ ಸುತ್ತಿದ್ದು?"

ಸರಳಾ ಚಂದವ್ವನ ಕಡೆ ನೋಡಿದಳು. ಚಂದವ್ವ ತಲೆ ತಗ್ಗಿಸಿ, "ಒಂದೂ ಉಳೀಲಿಲ್ರಿ ಅವ್ವಾರ. ದಾರದ ಕೆಳಗ ಕೊಳತು ಹೋದವು" ಎಂದಳು.

ಜಯಲತಾ ಕನ್ನಡಕ ಇಳಿಸಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಮೊದಲು ಮರಾಠಿಯಲ್ಲಿ ಹೇಳಿ, ಸರಳಾ, ಚಂದವ್ವರ ಕಡೆ ತಿರುಗಿ ಮತ್ತೆ ಕನ್ನಡದಲ್ಲಿ ಹೇಳಿದರು. "ನೋಡಿ, ನನ್ನ ಅತ್ತೆಯವರ ಕಾಲದಲ್ಲಿ ದಾರ ಸುತ್ತುತ್ತಿದ್ದದ್ದು ಮರದ ಬುಡಕ್ಕೆ. ಗೆಲ್ಲಿಗೆ ಯಾರೂ ಸುತ್ತಲಿಲ್ಲ. ಈ ಮರದ ಬುಡ ಎಲ್ಲುಂಟು? ಬಕೆಟಿನ ಒಳಗೆ. ಮತ್ತೆ ಸುತ್ತುವುದು ಯಾವುದಕ್ಕೆ? ಹೋದ ವರ್ಷ ಇವಳು ಸುತ್ತಿದ್ದೇ ಸರಿ ಇತ್ತು ಕಾಣುತ್ತದೆ, ನಗಾಡಿದ್ದು ನಾವು." ಹಾಗೆಂದು ದಾರದ ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಸುತ್ತಲು ಹೊರಟರು. ಎರಡು ಸುತ್ತಿಗೆ ಮಂಡಿ ನೋವಾಗಿ ನಿಂತು, "ಏನು ನೋಡುತ್ತೀರಿ, ಹಿಡಿಯಿರಿ ಯಾರಾದರೂ. ನನ್ನ ಗಂಡ ಇಷ್ಟರ ಮೇಲೆ ಬದುಕಿದರೆ ಅವರಿಗೇ ಬೇಜಾರು" ಎಂದರು.

ಹೆಂಗಸರೆಲ್ಲ ನಕ್ಕರು. ಆಮೇಲೆ ಸುತ್ತಿದರು. ಹಾಲನ್ನು ಕೊಂಬೆಯ ತಲೆಗಲ್ಲ, ಅಂಗಳದ ಕಲ್ಲಿನ ಮೇಲಿಟ್ಟ ಬಟ್ಟಲಿಗೆ ಎರೆದರು. ಅದನ್ನು ವಾಚ್‌ಮನ್ನನ ಬೆಕ್ಕು ಕುಡಿಯಿತು.

ಘಣಸೋಲಿಯಲ್ಲಿ ಮೋಹಿನಿಯ ಬಕೆಟ್ಟುಗಳಿಗೆ ಅಷ್ಟು ಸಲೀಸಾಗಿ ದಾರ ಬೀಳಲಿಲ್ಲ. ಬೆಳಗಿನ ಗಡಿಬಿಡಿಯವರು ನೋಡಿ ಮುಂದೆ ಹೋದರು, ಕೆಲವರು ಕೊಂಬೆ ಹುಡುಕಿಕೊಂಡು ಬೇರೆ ಕಡೆ ಹೋದರು. ಮಧ್ಯಾಹ್ನ ಒಬ್ಬಳು ನರ್ಸು ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಕಳಚಿ ಸುತ್ತಿದಳು. ಅವಳನ್ನು ನೋಡಿ ಇನ್ನೊಬ್ಬಳು. ಸಂಜೆಗೆ ಮಾವಿನಹಣ್ಣು ಖಾಲಿಯಾಗಿತ್ತು, ಬಕೆಟ್ಟುಗಳ ಹೊಟ್ಟೆ ಬೆಳ್ಳಗಾಗಿತ್ತು. ಮೋಹಿನಿ ಊಟಕ್ಕೆ ಚಂದವ್ವನ ಮನೆಗೆ ಬಂದಳು, ಆದರೆ ಮೊದಲೇ ಎತ್ತಿಟ್ಟಿದ್ದ ಹಣ್ಣಿನ ಚೀಲ ಹಿಡಿದುಕೊಂಡು.

ಮಾರನೆಯ ದಿನವೇ ಬಕೆಟ್ಟುಗಳನ್ನು ಮರಳಿ ತಂದು, ಗಲ್ಲಿಯವರೆಲ್ಲ ಸೇರಿ ಕೊಂಬೆಗಳನ್ನು ಮಣ್ಣಿನ ಗಡ್ಡೆಯ ಸಮೇತ ಹಲಗೆಯ ಒಡ್ಡುಗಳ ಹಿಂದೆ ಇಳಿಸಿ ನೆಟ್ಟರು. ದಾರ ಬಕೆಟ್ಟಿನ ಮೇಲೆಯೇ ಉಳಿಯಿತು, ಯಾರೂ ಯಾರದ್ದನ್ನೂ ಬಿಚ್ಚಬೇಕಾಗಲಿಲ್ಲ. ಆ ಬಕೆಟ್ಟುಗಳನ್ನು ಚಂದವ್ವ ತೊಳೆಯದೆ ಒಂದರೊಳಗೊಂದು ಇಟ್ಟು ಅಟ್ಟದ ಮೇಲೆ ಎತ್ತಿಟ್ಟಳು.

ಆಮೇಲೆ ಮಳೆ ಬಂತು. ಎರಡು ದಿನ ಬಿಡದೆ ಸುರಿಯಿತು. ಮುಂಬ್ರಾದ ಕಡೆ ರೈಲು ನಿಂತಿತಂತೆ ಎಂದು ಸುದ್ದಿ ಬಂತು. ಗಲ್ಲಿಯವರು ಸಾಮಾನು ಗಂಟು ಕಟ್ಟಿ ಹತ್ತಿರದ ಶಾಲೆಗೆ ಹೋಗಿ ಕುಳಿತರು. ಚಂದವ್ವ ಶಾಲೆಯ ಕಿಟಕಿಯಿಂದ ಗುಡ್ಡ ನೋಡಲು ಹೋದರೆ ಬರೀ ಬಿಳಿ ಕಾಣುತ್ತಿತ್ತು. ಅವಳು ಗೋಡೆಗೊರಗಿ ಶಿವನಾಮ ಹೇಳಿಕೊಂಡಳು. ಅದರ ನಡುವೆ ಬ್ರೆಜಿಲ್ ಎಂಬ ಹೆಸರೂ ಬಂದುಹೋಯಿತು.

ಮಳೆ ನಿಂತ ಬೆಳಗ್ಗೆ ಅವಳೂ ಜಟ್ಟೆಪ್ಪನೂ ಎಲ್ಲರಿಗಿಂತ ಮುಂಚೆ ಹೋದರು. ಗಲ್ಲಿಯಲ್ಲಿ ನೀರು ಹರಿದಿತ್ತು. ಹೊಸ್ತಿಲ ಹೊರಗೆ ಒಂದು ತೆಳುವಾದ ಕೆಸರಿನ ಪದರ ಬಂದು ನಿಂತಿತ್ತು. ಬಾಗಿಲು ತೆಗೆದರು. ಒಳಗೆ ನೆಲ ಒಣಗಿತ್ತು.

ಮೇಲೆ ಹತ್ತಿ ನೋಡಿದರು. ಗುಡ್ಡ ಜಾರಲಿಲ್ಲವೆಂದಲ್ಲ, ಜಾರಿತ್ತು. ಒಂದು ಕಡೆ ಒಡ್ಡು ಒಡೆದು ಒಂದಿಷ್ಟು ಕೊಂಬೆಗಳು ಕೊಚ್ಚಿಹೋಗಿದ್ದವು. ಮಿಕ್ಕ ಕಡೆ ಕೆಂಪು ಮಣ್ಣು ಬಂದು ಹಲಗೆಗಳ ಹಿಂದೆ ಗುಪ್ಪೆಯಾಗಿ ಕುಳಿತಿತ್ತು. ಆ ಗುಪ್ಪೆಯ ನಡುವಿನಿಂದ ತೋಳು ಗಾತ್ರದ ಕೊಂಬೆಗಳು ನೆಟ್ಟಗೆ ನಿಂತಿದ್ದವು. ಸರಳಾಳ ಆಲ ತಲೆಯಾಡಿಸುತ್ತಿತ್ತು. ಅದರ ಬುಡದಲ್ಲಿ ಮಣ್ಣು ಸರಿದಿದ್ದರಿಂದ ಬೇರು ಹೊರಗೆ ಕಾಣುತ್ತಿತ್ತು, ಹೆಬ್ಬೆರಳಿನಷ್ಟು ದಪ್ಪ. ಹಲಗೆಯ ಸಂದಿನಲ್ಲಿ ತೂರಿ ಕೆಳಗಿನ ಮಣ್ಣಿಗೆ ಹೋಗಿತ್ತು. ಮೇಲೆ ಹಳೆಯ ಮರ ಎಲೆ ತುಂಬಿಕೊಂಡು, ಮೋಹಿನಿಯ ಕಲ್ಲನ್ನು ಬಿಡದೆ ನಿಂತಿತ್ತು.

ವಾರ್ಡಿನ ಸಾಹೇಬರು ಆ ಮಧ್ಯಾಹ್ನ ಬಂದು ಮೇಲೆ ಹತ್ತಿ ನೋಡಿ, ಈ ವರ್ಷ ಇರಿ, ಮುಂದಿನ ವರ್ಷ ಮತ್ತೆ ನೋಡೋಣ ಎಂದರು. ಒಡೆದ ಒಡ್ಡನ್ನು ಬೇಗ ಕಟ್ಟಿಕೊಳ್ಳಿ ಎಂದೂ ಹೇಳಿದರು. ಅಷ್ಟು ಹೇಳಿದ್ದೇ ಗಲ್ಲಿಗೆ ಹಬ್ಬವಾಯಿತು.

ಹಬ್ಬ ನಿಜವಾಗಿಯೂ ಮರುದಿನವಿತ್ತು. ಮಣ್ಣೆತ್ತಿನ ಅಮಾವಾಸ್ಯೆ. ಚಂದವ್ವ ಬೆಳಗ್ಗೆ ಸ್ನಾನ ಮಾಡಿ ತಾಟು ಹಿಡಿದು ಮೇಲೆ ಹೋದಳು. ಹಲಗೆಯ ಹಿಂದೆ ಬಂದು ಕುಳಿತಿದ್ದ ಮಣ್ಣಿನಿಂದ ಎರಡು ಹಿಡಿ ತೆಗೆದುಕೊಂಡಳು. ಮನೆಯೊಳಗೆ ಬಂದು ಮಂಚದವರೆಗೆ ನಿಂತಿದ್ದ ಮಣ್ಣು ಇದೇ. ನಯವಾಗಿತ್ತು, ಎತ್ತು ಮಾಡಲು ಹೇಳಿಮಾಡಿಸಿದಂತಿತ್ತು. ಹೊಸ್ತಿಲ ಬಳಿ ಕುಳಿತು ತಟ್ಟತೊಡಗಿದಳು. ಕೊಂಬು ಬಂತು, ಬೆನ್ನಿನ ಇಣಿ ಬಂತು, ಬಾಲ ಬಂತು.

ಜಟ್ಟೆಪ್ಪ ಚಹಾ ಹಿಡಿದು ಬಂದು ನೋಡಿದ. "ಒಂದು ಎತ್ತು ಸಣ್ಣದಾತಲ್ಲ."

"ಸಣ್ಣದಿರ್ಲಿ ಬಿಡ್ರಿ. ಮಣ್ಣು ಬಾಳ ತಗೀಬಾರದು, ಅಲ್ಲಿ ಬೇರು ಅದಾವು" ಎಂದಳು ಚಂದವ್ವ. ಎತ್ತುಗಳನ್ನು ಮೂಲೆಯ ಮಣೆಯ ಮೇಲಿಟ್ಟು, ಆಲದ ಒಂದು ಎಲೆಯನ್ನು ಅವುಗಳ ಮುಂದಿಟ್ಟಳು. ಅದು ಕಿತ್ತ ಎಲೆಯಲ್ಲ, ಮಳೆಗೆ ತಾನಾಗಿ ಉದುರಿದ್ದು.